ಹೊರಸಿನ ಅಳತಿ

ಚಿಟಗುಪ್ಪದ ದಾರ್ಯಾಗ, ಕೆಂಪುಕಲ್ಲಿನ ಖಣಿ ದಾಟಿದ ಮ್ಯಾಲ
ಎಡಕ್ಕ ಒಂದು ತಗಡಿನ ಚಪ್ಪರ. ಅದೇ ನನ್ನ ಅಡ್ಡಾ.
ಬೋರ್ಡಿಲ್ಲ. ಕಟಗಿ ಮಾರೋರಿಗಿ ಬೋರ್ಡ್ ಯಾಕ,
ವಾಸನೀನೇ ಮುಂದ ಹೋಗಿ ಗಿರಾಕಿ ಕರಕೊಂಡು ಬರ್ತದ.

ಹಿಂದ ಮೂರೆಕರೆ. ಗುದ್ದಲಿ ಹೊಡದ್ರ ಕಿಡಿ ಹಾರೋ ಭೂಮಿ,
ತೊಗರಿ ಹಾಕಿದ್ರ ಬೀಜಾನೂ ವಾಪಸ್ ಬರಲಿಲ್ಲ.
ಸುಬಾಬುಲ್ ಬಂತು. ಕರಿಜಾಲಿ ತಾನೇ ಬಂತು, ಯಾರನ್ನೂ ಕೇಳಲಾರ್ದೆ.
ನಾಕು ಪಾಲು ಮಾಡೀನಿ, ವರ್ಷಕ್ಕ ಒಂದೇ ಪಾಲಿಗಿ ಕೊಡಲಿ.
ಮಣಕಾಲಿನ ಮಟ್ಟಕ್ಕ, ಓರಿ ಕಡೀಬೇಕು,
ಮಳಿನೀರು ಬುಡದ ತಲಿ ಮ್ಯಾಲ ನಿಲ್ಲಬಾರದು.
ಹಂಗ ಕಡದ್ರ ಎರಡು ತಿಂಗಳಿಗಿ
ಒಂದು ಬುಡಕ್ಕ ಹನ್ನೊಂದು ಚಿಗುರು.
ಮೂರು ಬಿಟ್ಟು ಉಳಿದದ್ದು ಆಡಿಗಿ.
ಆಡು ನನ್ನ ಆಳು; ಸಂಬಳಾ ತಿನ್ನೋದೇ ಅದರ ಕೆಲಸ.

ಮೈನೋದ್ದೀನ್ ಚಾಚಾ ಸೀಳತಾನ.
ಗಂಟು ಬಂದ್ರ ಕೊಡಲಿ ಇಡತಾನ, ಬೀಡಿ ಹಚ್ಚತಾನ,
"ಇದು ಹಟಮಾರಿ, ನಾಳಿ ನೋಡಮು" ಅಂತಾನ.
ನಾಳಿ ಅಂದ್ರ ಎಂಟು ದಿನಾ.
ಒಟ್ಟಿದ ಮ್ಯಾಲ ಈ ಕಡಿಂದ ಹೊಗಿ ಊದತಾನ,
ಆ ಕಡಿ ನಾ ನಿಂತಿರಬೇಕು.
ಹೊಗಿ ನನ್ನ ಮಾರಿಗಿ ಬಂದ್ರ ಸರಿ, ಗಾಳಿ ಆಡ್ತದ.
ಬರಲಿಲ್ಲಂದ್ರ ಎಲ್ಲಾ ಇಳಿಸು, ಮತ್ತ ಒಟ್ಟು.
ಇಪ್ಪತ್ತು ವರ್ಷದಾಗ ಎಷ್ಟು ಬೀಡಿ ಸೇದೀನೋ ನಾ,
ತುಟಿಗಿ ಒಂದೂ ಹಚ್ಚಲಾರ್ದೆ.

ಮದಲ ನನ್ನಲ್ಲೂ ಕಾಂಟಾ ಇತ್ತು.
ಹಸಿ ಕಟಗಿ ಒಂದು ಕ್ವಿಂಟಲ್, ಎಂಟು ತಿಂಗಳು ಬಿಸಿಲಿಗಿ ಕುಂತ್ರ
ಅರವತ್ತೈದು ಕಿಲೋ. ಉಳಿದದ್ದು
ಗಾಳಿಗಿ ಉದ್ರಿ ಕೊಟ್ಟಂಗ. ವಸೂಲಿಲ್ಲ.
ನಾಕಾ ಆಚಿ ಟಾಲಿನ ಮಾಣಿಕಶೆಟ್ಟಿ ರಾತ್ರಿ ಪೈಪು ಹಿಡಿದು
ಕಟಗಿಗಿ ಜಳಕಾ ಮಾಡಸ್ತಿದ್ದ, ಮುಂಜಾನಿ ತೂಗತಿದ್ದ.
ರೇಟು ನನಗಿಂತ ಒಂದು ರುಪಾಯಿ ಕಮ್ಮಿ.
ಮಂದಿ ನೀರು ಕೊಂಡು ಒಲಿಯಾಗ ಇಟ್ಟು ಊದತಿದ್ರು,
ಬೇಯತಿದ್ದದ್ದು ಕಣ್ಣು.

ಒಂದಿನಾ ನಾನೂ ಪೈಪು ಹಿಡದೀನಿ. ಸುಳ್ಳ್ಯಾಕ ಹೇಳಲಿ.
ಲಗ್ನದ ಸೀಜನ್ ಇತ್ತು.
ಎರಡನೇ ದಿನ ಬಾವರ್ಚಿ ಜಾಫರಮಿಯಾ ಬಂದ.
ಐದು ದೇಗು ಬಿರಿಯಾನಿ, ಹೊತ್ತಿಗಿ ಬೆಂದಿರಲಿಲ್ಲ.
ಬಯ್ಯಲಿಲ್ಲ. ಎರಡು ತುಂಡು ತಗೊಂಡು ನನ್ನ ಕಿವಿ ಹತ್ರ ಬಡದ.
ದಬ್.
ಮತ್ತ ಬಡದ. ದಬ್.
"ಒಣಗಿದ್ದು ಠಣ್ ಅಂತದ, ಮಹಾನಂದಾ ಬಾಯಿ. ನಿಮಗ ನಾ ಹೇಳಬೇಕಾ?"
ತುಂಡು ಇದ್ದ ಜಾಗಕ್ಕೇ ಇಟ್ಟು ಹೋದ.

ಕಾಂಟಾ ಮೋಡಕಾದವನಿಗಿ ಕೊಟ್ಟೆ.
ಮನ್ಯಾಗ ಅತ್ತಿಯ ಹೊರಸು ಇತ್ತು, ನುಲಿ ಹರದದ್ದು,
ಆಕಿ ಹೋದಾಗಿಂದ ಯಾರೂ ಮಲಗಲಾರದ್ದು.
ನುಲಿ ಕೊಯ್ದು, ಚೌಕಟ್ಟು ತಂದು ಅಡ್ಡಾದಾಗ ನಿಲ್ಲಿಸಿದೆ.
ಇದರ ತುಂಬ ಮೊಳದುದ್ದದ ಕಟಗಿ, ಒಂದು ಸಾಲು. ಇಷ್ಟಕ್ಕ ಇಷ್ಟು.
ಹಸಿ ಏನು, ಒಣ ಏನು, ಹೊರಸಿಗಿ ತೂಕ ತಿಳಿಯಲ್ಲ.
ಅತ್ತಿಗೂ ತಿಳೀತಿರಲಿಲ್ಲ,
ಸೇರು ಜ್ವಾಳ ಕೇಳಿದ್ರ ಎರಡು ಹಿಡಿ ಹೆಚ್ಚೇ ಹಾಕ್ತಿದ್ದಳು.

ನಕ್ಕರು ಮದಲ. ಈಗ ಹುಮನಾಬಾದ ತನಕ ಅದೇ ಮಾತು:
"ಬಾಯೀ, ಅರ್ಧ ಹೊರಸು." "ಮಗಳ ಬಾಣಂತನ, ಎರಡು ಹೊರಸು."

ಮೊನ್ನಿ ಒಬ್ಬ ಹುಡುಗ ಬಂದ, ಮಾರವಾಡಿ, ಮೀಸಿ ಇನ್ನಾ ಬಂದಿಲ್ಲ.
ಎಷ್ಟು ಬೇಕಪ್ಪಾ ಅಂದೆ.
ಗೊತ್ತಿಲ್ಲ ಅಂದ. ಚೌಕಟ್ಟೇ ನೋಡ್ತಾ ನಿಂತ.
"ನಮ್ಮಜ್ಜ ಇದಕ್ಕಿಂತ ಗಿಡ್ಡ" ಅಂದ.
ಮೂರು ಸಲ ತುಂಬಿ ಗಾಡಿಗಿ ಹಾಕಿಸಿದೆ,
ರೊಕ್ಕ ಅವನ ಮುಂದ ಎಣಿಸಲಿಲ್ಲ.
ನಮ್ಮ ಮಂದಿ ಮಣ್ಣಿಗಿ ಹೋಗೋರು, ಕುಂತೇ.
ಚಾಚಾನ ಮಂದೀನೂ ಮಣ್ಣಿಗೇ, ಮಲಗಿ.
ಜನ್ಮ ಪೂರಾ ಕಟಗಿ ಮಾರಿ
ಕಡೀಕ ಇಬ್ಬರಿಗೂ ಒಂದು ಚಕ್ಕೀನೂ ಬೇಕಾಗಿಲ್ಲ ಅಂದೆ.
ಚಾಚಾ ಬೀಡಿ ಹಚ್ಚಿ ಅಂದ, "ಉಳಿತಾಯ."

ಬ್ಯಾಸಗಿ ರಾತ್ರಿ ಹೊರಗೇ ಮಲಗತೀನಿ.
ಒಟ್ಟಿಲಿನಾಗ ಎಲ್ಲೋ ಒಂದು ತುಂಡು ಟಿಕ್ ಅಂತದ,
ತುದಿ ಬಿರೀತದ. ಸ್ವಲ್ಪ ಹೊತ್ತಿಗಿ ಇನ್ನೊಂದು, ದೂರ.
ನೀರು ಹೊಂಟದ.
ನಾಕಾ ಆಚಿಂದ ಪೈಪಿನ ಸಪ್ಪಳ ಬರಲ್ಲ ಈಗ;
ಹಳೀ ಹೊರಸು ಎಲ್ಲಿ ಸಿಗತಾವ ಅಂತ
ಮಾಣಿಕಶೆಟ್ಟಿ ಕೇಳಿ ಕಳಿಸ್ಯಾನ.
ಅವನ ಹೊರಸು ನನ್ನದಕ್ಕಿಂತ ನಾಕು ಬಟ್ಟು ಸಣ್ಣದೇ ಇರ್ತದ, ಗೊತ್ತದ ನನಗ.

ಟಿಕ್.

ಇರಲಿ.