ಕೈವಾರದ ಮುಳ್ಳು

ಎಸ್ಸಾವೀರಾದ ಕೋಟೆಗೋಡೆಯ ಅಡಿಯಲ್ಲಿ
ಹಿಂದೆ ಮದ್ದುಗುಂಡು ತುಂಬಿಡುತ್ತಿದ್ದ ಕಮಾನಿನ ಗೂಡು.
ಈಗ ಅದರೊಳಗೆ ಮಾಲೆಮ್ ಬಿಹಿ, ಅವನ ಕೆಮ್ಮು,
ಅರಾರ್ ಮರದ ಘಮ, ಮತ್ತು ನಾನು.
ನನ್ನದು ಹೊಳಪು ಹಚ್ಚುವ ಕೆಲಸ.
ಹೆಂಗಸರಿಗೆ ಇಲ್ಲಿ ಕೊಡುವುದು ಅದೊಂದೇ:
ಅರಗು, ಹತ್ತಿಯ ಉಂಡೆ, ದಿನಕ್ಕಿಷ್ಟು ದಿರ್ಹಮ್.

ಒಂದು ಮೇಜಿನ ಹಲಗೆಗೆ ನಿಂಬೆಮರದ ಇಪ್ಪತ್ನಾಲ್ಕು ಬಿಲ್ಲೆ,
ಪುದೀನ ಚಹಾದ ಲೋಟದ ಬಾಯಿಯಷ್ಟು ಅಗಲ.
ಲೋಟವನ್ನೇ ಬೋರಲು ಹಾಕಿ ಗೆರೆ ಎಳೆದರಾಯಿತಲ್ಲ,
ಅಂದಿದ್ದೆ ಮೊದಲ ವರ್ಷ.
ಬಿಹಿ ನಗಲಿಲ್ಲ.
ಗೆರೆಗೂ ದಪ್ಪ ಇದೆ ತೂದಾ,
ಅದರ ಒಳಗೆ ಕೊಯ್ಯುತ್ತೀಯೋ, ಹೊರಗೋ?

ವೃತ್ತಕ್ಕೊಂದು ನಡು ಬೇಕು.
ನಡುವಿಗೆ ಮುಳ್ಳು ಊರಬೇಕು.
ಊರಿದಲ್ಲಿ ತೂತು ಬೀಳದೆ ಇದ್ದೀತೆ?
ಹಳದಿ ಮರದ ನಟ್ಟನಡುವೆ ಸಾಸಿವೆಯಷ್ಟು ಕಪ್ಪು,
ನಾನೆಷ್ಟು ಅರಗು ತಿಕ್ಕಿದರೂ
ಕಣ್ಣು ಬಿಟ್ಟುಕೊಂಡೇ ಇರುತ್ತದೆ.

ಅದಕ್ಕೆ ಬಿಹಿಯ ಉಪಾಯ ಇದು.
ನಿಂಬೆಹಲಗೆಗೆ ಅಂಟು ಸವರಿ ಕಾಗದದ ಚೂರು,
ಕಾಗದಕ್ಕೆ ಅಂಟು ಸವರಿ ರದ್ದಿ ಮರದ ತುಂಡು.
ಮುಳ್ಳು ಇಳಿಯುವುದು ರದ್ದಿಯ ಎದೆಗೆ.
ಅಲಗಿನ ತೋಳು ಮೆಲ್ಲಗೆ ಸುತ್ತು ಬರುತ್ತದೆ,
ಸುತ್ತಿಗೊಂದು ಕೂದಲೆಳೆ ಆಳ;
ನಾರು ಅಡ್ಡ ಬಂದಲ್ಲಿ ಗರ್ರೆನ್ನುತ್ತದೆ,
ಉದ್ದಕ್ಕೆ ಸಿಕ್ಕಲ್ಲಿ ಜಾರಲು ನೋಡುತ್ತದೆ.
ಕೊನೆಗೆ ಕಾಗದದ ಪದರಕ್ಕೆ ಚಾಕು.
ಬಿಲ್ಲೆ ಬೇರೆ, ರದ್ದಿ ಬೇರೆ.
ಬಿಲ್ಲೆಗೆ ಏನೂ ಆಗಿಲ್ಲ.

ಆ ರದ್ದಿಗಳನ್ನು ಒಲೆಗೆಂದು ಮನೆಗೆ ಒಯ್ಯುವವಳು ನಾನೇ.
ಸುಟ್ಟಿಲ್ಲವೆಂದರೆ ಸುಳ್ಳು. ಚಳಿಗೆ ಸುಡುತ್ತೇನೆ.

ಹೋದ ವಾರ ಮೂರು ದಿನ ಶೆರ್ಗಿ ಬೀಸಿತು,
ಮರುಭೂಮಿಯ ಒಣಗಾಳಿ.
ಕಡಲ ಪಕ್ಕದ ಊರಿಗೇ ತುಟಿ ಒಡೆಯಿತು.
ಶನಿವಾರ ಉರುಟಾಗಿದ್ದ ಬಿಲ್ಲೆಗಳು
ಸೋಮವಾರ ಉರುಟಾಗಿರಲಿಲ್ಲ:
ನಾರಿನ ಉದ್ದಕ್ಕೆ ಹಾಗೇ, ಅಡ್ಡಕ್ಕೆ ಎಳೆಯಷ್ಟು ಸೊರಗಿ.
ಬಿಹಿಗೆ ಕಾಣಲಿಲ್ಲ. ಅವನ ಕಣ್ಣಿಗೀಗ ಪೊರೆ.
ನನ್ನ ಬೆರಳಿಗೆ ಸಿಕ್ಕಿತು,
ಇಪ್ಪತ್ತು ವರ್ಷ ತಿಕ್ಕಿ ತಿಕ್ಕಿ
ಸರ್ಕಾರಿ ಕಾಗದಕ್ಕೆ ಒತ್ತಿದರೆ ಗೆರೆಯೇ ಮೂಡದ ಬೆರಳಿಗೆ.
ಇಲ್ಲಿ ಸಂದು, ಅಂದೆ. ಇಲ್ಲಿ. ಇಲ್ಲಿಯೂ.

ತುಂಬ ಹೊತ್ತು ಅವನು ಗಾಳಿ ಕೇಳಿದ.
ಆಮೇಲೆ ಕೈವಾರವನ್ನು ನನ್ನತ್ತ ಸರಿಸಿದ,
ಊಟದ ನಡುವೆ ಉಪ್ಪಿನ ಬಟ್ಟಲು ಸರಿಸಿದ ಹಾಗೆ.

ಮೊದಲನೆಯದು ಹಾಳಾಯಿತು.
ಎರಡನೆಯದೂ.
ಮೂರನೆಯದು ಗುಳಿಯ ಬಾಯಲ್ಲಿ ಒಂದಿಷ್ಟು ತಡೆಯಿತು,
ಒಳಗಿದ್ದ ಗಾಳಿ ದಾರಿ ಕೇಳಿತೋ ಏನೋ,
ಆಮೇಲೆ ಉಸ್ಸೆಂದು ಇಳಿಯಿತು.
ಬೆರಳಾಡಿಸಿದೆ. ನಿಂಬೆ ಎಲ್ಲಿ ಮುಗಿದು
ಅರಾರ್ ಎಲ್ಲಿ ಶುರುವಾಯಿತೋ
ಗೊತ್ತಾಗಲಿಲ್ಲ.

ಇನ್ನೆಷ್ಟು, ಕೇಳಿದ ಬಿಹಿ.
ಇಪ್ಪತ್ಮೂರು, ಅಂದೆ. ಹಾಗಾದರೆ ಹೊಳಪು ಹಚ್ಚುವವರು?
ಅವನಾಗಲೇ ತಡಕಾಡುತ್ತ
ಹತ್ತಿಯ ಉಂಡೆ ಹುಡುಕುತ್ತಿದ್ದ.