ಎರಡು ಸುಳಿ

ಮಾಳಿಗೆಯ ಕಾವು ಇನ್ನೂ ಚಪ್ಪಲಿ ದಾಟಿ ಬರುತ್ತಿದೆ.
ರಾತ್ರಿ ಹತ್ತಾದರೂ ರಾಯಚೂರಿನ ಕಲ್ಲು
ಹಗಲನ್ನು ಬಿಟ್ಟುಕೊಡುವುದಿಲ್ಲ.
ಕ್ಯಾಮೆರಾದ ಕೊರಳಿಗೆ ಗಟ್ಟಿ ಹಿಂಡಿದ ಕರ್ಚೀಫು ಸುತ್ತಿದ್ದೇನೆ,
ಜ್ವರದ ಮಗುವಿಗೆ ಸುತ್ತಿದಂತೆ.

ಮೊದಲು ಮುಚ್ಚಳ ಹಾಕಿ
ಕತ್ತಲೆಯ ಫೋಟೋ ತೆಗೆಯಬೇಕು.
ನೋಡಲು ಏನೂ ಇಲ್ಲದಿದ್ದಾಗಲೂ ಇದು ಏನನ್ನೋ ಕಾಣುತ್ತದೆ:
ಕೆಂಪು ಚುಕ್ಕೆ, ನೀಲಿ ಚುಕ್ಕೆ,
ಎಲ್ಲ ತನ್ನದೇ ಮೈಬಿಸಿಯ ಚುಕ್ಕೆ.
ಇಪ್ಪತ್ತು ಸಲ ಅದನ್ನು ಬರೆದಿಟ್ಟುಕೊಂಡು
ಆಮೇಲೆ ಬರುವ ಆಕಾಶದಿಂದ ಕಳೆಯಬೇಕು.
ತನ್ನ ಜ್ವರ ತಾನೇ ಕಳೆದು ನೋಡುವ ಈ ಲೆಕ್ಕವನ್ನು
ಮೂವತ್ತೊಂದು ವರ್ಷ ಎಕ್ಸ್‌ರೇ ತೆಗೆದ ನನಗೆ
ಯಾರೂ ಕಲಿಸಿರಲಿಲ್ಲ.

ಎಡಗಣ್ಣು ಹೋಗಿ ಆರು ವರ್ಷ.
ಬಲಗಣ್ಣನ್ನು ದೂರದರ್ಶಕದ ತೂತಿಗೆ ಇಟ್ಟರೆ
ನನ್ನ ರೆಪ್ಪೆಯ ನೆರಳು, ಅದರಾಚೆ ಮಜ್ಜಿಗೆ ಚೆಲ್ಲಿದ ಮಬ್ಬು.
ಕಣ್ಣು ದಿನಗೂಲಿಯದು, ಅಂದಿನ ಬೆಳಕು ಅಂದೇ ಖರ್ಚು.
ಕ್ಯಾಮೆರಾ ಚೀಟಿ ಹಾಕುತ್ತದೆ:
ಹತ್ತು ಸೆಕೆಂಡು, ಅದರ ಮೇಲೆ ಮತ್ತೆ ಹತ್ತು.

ಕೆಳಮನೆಯ ಹಂಪಮ್ಮ ಹಾಸಿಗೆ ಸುತ್ತಿಕೊಂಡು
ಮಗನ ಜೊತೆ ಮಲಗಲು ಮೇಲೆ ಬಂದಳು.
"ಏನ್ರಿ ಮೇಡಂ, ಟಿವ್ಯಾಗ ಬರೇ ಬೂದಿ ಕಾಣಾಕತ್ತೈತಿ?"
ನಿಜ. ಒಂದನೇ ಚಿತ್ರ ಬೂದಿ. ನಾಲ್ಕನೆಯದೂ ಬೂದಿ.
ಉತ್ತರಕ್ಕೆ ಶಕ್ತಿನಗರದ ಬೆಳಕು
ಆಕಾಶದ ಅಂಚಿಗೆ ಅರಿಶಿನ ಬಳಿದಿದೆ;
ಊರೂರಿಗೆ ದೀಪ ಕಳಿಸಿ
ತನ್ನ ಚುಕ್ಕಿಗಳನ್ನು ಕಳಕೊಂಡ ದಿಕ್ಕು.
ಅದರ ಮೇಲೆ, ಸಪ್ತರ್ಷಿಗಳ ಬಾಲದ ತುದಿಯ ಹತ್ತಿರ,
ನಾನು ಕಾಯುತ್ತಿರುವುದು.

ಹದಿನೈದು.
ಇಪ್ಪತ್ತಾರು.
ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ, ತಟ್ಟೆಯ ನೀರಲ್ಲಿ,
ಮೊದಲು ಪಕ್ಕೆಲುಬು ಏಳುತ್ತಿತ್ತು, ಆಮೇಲೆ ಗುಂಡಿಗೆಯ ನೆರಳು,
ಕೆಲವೊಮ್ಮೆ ಅಲ್ಲಿ ಇರಬಾರದ ಒಂದು ಬಿಳಿ ಕಲೆ.
ಡಾಕ್ಟರಿಗಿಂತ ಮೊದಲು ನಾನೇ ಕಂಡಿರುತ್ತಿದ್ದೆ.
ಹೊರಗೆ ಬೆಂಚಿನ ಮೇಲಿಂದ ಎದ್ದು ಕೇಳುವವರು:
"ನಾರ್ಮಲ್ ಐತೇನ್ರಿ?"
ಹೇಳುವ ಹಕ್ಕು ನನ್ನದಲ್ಲ. "ಬಟ್ಟಿ ಹಾಕ್ಕೊಳ್ರಿ" ಅಂದಷ್ಟೇ ಅಂದೆ,
ಎಷ್ಟು ಜನಕ್ಕೆ!

ನಲವತ್ತಕ್ಕೆ ಮೌನೇಶ ಸ್ಟೂಲಿನಿಂದ ಎದ್ದ.
"ಸುಳಿ!"
ಹೊಳೆಯ ಮಡುವಿನಲ್ಲಿ ತಿರುಗುವಂಥದು,
ಅಂಚಿನಲ್ಲಿ ಇನ್ನೊಂದು, ಸಣ್ಣದು, ಅದಕ್ಕೆ ಜೋತುಬಿದ್ದದ್ದು.
ಹಂಪಮ್ಮ ಹುಡುಗನ ತಲೆ ಹಿಡಿದು ಪರದೆಯ ಬೆಳಕಿಗೆ ಬಗ್ಗಿಸಿದಳು:
"ನೋಡ್ರಿ, ಇವಂಗೂ ಎರಡ! ಎರಡ್ ಸುಳಿ, ಎರಡ್ ಮದಿವಿ."
ಹುಡುಗ ನಾಚಿ ಕೊಸರಿಕೊಂಡ.
ಈ ಬೆಳಕು ಹೊರಟು ಸುಮಾರು ಮೂರು ಕೋಟಿ ವರ್ಷ ಅಂದೆ.
"ಹಂಗಾರ ಆಗಿಹೋಗಿರತೈತಿ ಬಿಡ್ರಿ,
ನಮಗ ಲಗ್ನಪತ್ರ ಈಗ ಮುಟ್ಟೈತಿ."

ಅರವತ್ತೊಂದಕ್ಕೆ ಕರೆಂಟು ಹೋಯಿತು.
ಮಾವಿನಕೆರೆಯ ದಂಡೆಯವರೆಗೂ ಮನೆಗಳು ಒಮ್ಮೆಲೇ ಇಲ್ಲವಾದವು.
ಮೋಟಾರು ನಿಂತಿತು. ಭೂಮಿ ನಿಲ್ಲಲಿಲ್ಲ:
ಮುಂದಿನ ಚಿತ್ರದಲ್ಲಿ ಚುಕ್ಕಿಗಳೆಲ್ಲ ಗೀಟಾಗಿದ್ದವು,
ಲ್ಯಾಪ್‌ಟಾಪು ಅದನ್ನು ಬೇಡವೆಂದು ತಳ್ಳಿತು.
ಮೌನೇಶ ಅಂಗಾತ ಬಿದ್ದು
ಬರಿಗಣ್ಣಲ್ಲಿ ಎಣಿಸತೊಡಗಿದ. ಅವನ ಲೆಕ್ಕ ಕೇಳುತ್ತಾ ಕೂತೆ,
ನನಗೆ ಕಾಣದ್ದು, ಅವನ ಬಾಯಲ್ಲಿ ಒಂದೊಂದಾಗಿ.

ಬ್ಯಾಟರಿ ಹನ್ನೊಂದು ಪರ್ಸೆಂಟ್.
ಪರದೆಯಲ್ಲಿ ಆ ಅರವತ್ತೊಂದರ ಉಳಿತಾಯ.
ಹಂಪಮ್ಮ ದಿಂಬು ತಟ್ಟುತ್ತಾ ಕೇಳಿದಳು,
"ಮೇಡಂ, ನಾರ್ಮಲ್ ಐತೇನ್ರಿ?"

ಕನ್ನಡಕ ಸೆರಗಿನಲ್ಲಿ ಒರೆಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ
ಓದಿ ಹೇಳಿದೆ:
ಒಂದು ತೋಳು ಸೊಟ್ಟ ಆಗೈತಿ,
ಸಣ್ಣದು ಹಿಡಿದು ಜಗ್ಗಿದ್ದಕ್ಕ.
ಉಳಿದಿದ್ದೆಲ್ಲ ನಾರ್ಮಲ್.