ಬಿಳಿ ತಂತಿಗಳು

ಮಾವನ ರೇಡಿಯೊ ಅಂಗಡಿಯಲ್ಲಿ ತಂತಿಗಳಿಗೆ ಬಣ್ಣವಿತ್ತು.
ಕೆಂಪು ಬರುವುದು, ಕಪ್ಪು ಹೋಗುವುದು,
ಹಳದಿಯ ತಂಟೆಗೆ ಹೋಗಬೇಡ
ಎನ್ನುತ್ತಿದ್ದ ಅಂತೆನೊರ್ ಮಾವ
ಮೊಸ್ಸೊರೊದ ಉಪ್ಪುಗಾಳಿಯ ಬೀದಿಯಲ್ಲಿ
ಬೆಸುಗೆಯ ಹೊಗೆಗೆ ಕಣ್ಣು ಕಿರಿದುಮಾಡಿ.
ಅಷ್ಟನ್ನು ಕಲಿತು ಬಂದವಳು ನಾನು,
ಮೂರು ಹಗಲು ಬಸ್ಸಿನಲ್ಲಿ ಕೂತು,
ಗ್ವಾರತಿಂಗೆತಾದ ವಾಯುಪಡೆ ಶಾಲೆಗೆ.

ಇಲ್ಲಿ ಎಲ್ಲ ತಂತಿಯೂ ಬಿಳಿ.
ತೋಳು ದಪ್ಪದ ಕಂತೆ, ಬಿಚ್ಚಿದರೆ ಇನ್ನೂರ ಹನ್ನೆರಡು ಎಳೆ,
ಮೈಮೇಲೆ ಇರುವೆಸಾಲಿನಂಥ ಅಂಕಿ.
"ಬಣ್ಣ ಸುಳ್ಳು ಹೇಳುತ್ತದೆ," ಎಂದರು ಸಾರ್ಜೆಂಟ್ ಕ್ಲೆಯುಜಾ,
"ಬಿಸಿಲು ತಿನ್ನುತ್ತದೆ ಅದನ್ನು, ಎಣ್ಣೆ ತಿನ್ನುತ್ತದೆ.
ಅಂಕಿ ಓದು."
ಟಾರ್ಚನ್ನು ಹಲ್ಲಲ್ಲಿ ಕಚ್ಚಿ ಓದಿದೆ.
ವಿಮಾನದ ಹೊಟ್ಟೆಯೊಳಗೆ ಭುಜದ ತನಕ ಕೈ ತೂರಿಸಿ
ಕಣ್ಣಿಗೆ ಕಾಣದ್ದನ್ನು ಬೆರಳಿಗೆ ಕೇಳಿದೆ.

ಈ ವಿಮಾನ ಹಾರುವುದಿಲ್ಲ.
ಹದಿನೆಂಟು ವರ್ಷದಿಂದ ನಿಂತಲ್ಲೇ ನಿಂತು
ನಮ್ಮಂಥವರ ತಪ್ಪುಗಳನ್ನು ನುಂಗುತ್ತದೆ.
ಮುಚ್ಚಳದ ಒಳಮೈಯಲ್ಲಿ ಯಾವುದೋ ಹಳೆಯ ತಂಡದವರ
ಪೆನ್ಸಿಲ್ ಬರಹ: ಇವತ್ತೂ ಬೀನ್ಸೇ.

ಮೀಟರಿನ ಎರಡು ಮುಳ್ಳು,
ಈ ತುದಿಗೊಂದು, ಆ ತುದಿಗೊಂದು,
ನಡುವೆ ದಾರಿ ಇದ್ದರೆ ಕೂಗುತ್ತದೆ.
ಆ ಕೀರಲು ದನಿಗೆ ಸಂಜೆತನಕ ಕಾದದ್ದುಂಟು.
ಎಲ್ಲಕ್ಕಿಂತ ಕೆಟ್ಟದ್ದು ಇದ್ದೂ ಇಲ್ಲದ ದೋಷ,
ಮೇಲೆ ಹೋದಾಗ ಕಾಡಿ
ನೆಲಕ್ಕಿಳಿದ ಮೇಲೆ ಸಾಧುವಾಗಿ ಕೂರುವಂಥದ್ದು.
ಅದಕ್ಕೆ ಪುಸ್ತಕದಲ್ಲಿ ಬರೆಯುವ ಮಾತು: ಮರುಕಳಿಸಲಿಲ್ಲ.
ಕ್ಲೆಯುಜಾ ಅದನ್ನು ಬರೆಯಗೊಡುವುದಿಲ್ಲ.

ಸಲಕರಣೆಯ ಪೆಟ್ಟಿಗೆಯ ಕಪ್ಪು ಸ್ಪಂಜಿನಲ್ಲಿ
ಒಂದೊಂದಕ್ಕೂ ಅದರದೇ ಮೈಯಳತೆಯ ಗುಂಡಿ.
ಬೆಳಗ್ಗೆ ಎಣಿಸು, ಮಧ್ಯಾಹ್ನ ಎಣಿಸು, ಬಿಡುವ ಮುನ್ನ ಎಣಿಸು.
ಜೂನಿನ ಆ ಗುರುವಾರ ಒಂದು ಗುಂಡಿ ಖಾಲಿ.
ಹೆಬ್ಬೆರಳಗಲದ ಕನ್ನಡಿ.
ಸಹಿ ಹಾಕಿ ಪಡೆದವನು ಎವರಾಲ್ದೊ.

ಹ್ಯಾಂಗರಿನ ಬಾಗಿಲು ಮುಚ್ಚಿತು. ಊಟವಿಲ್ಲ.
ಪರಾಯಿಬಾ ಹೊಳೆಯ ಮಂಜು ಸಂದಿಯಿಂದ ನುಸುಳಿ
ಮೊಣಕಾಲೂರಿದ ಮೂವತ್ತು ಜನರ ನಡುವೆ ತಾನೂ ಹುಡುಕಿತು.
ಎವರಾಲ್ದೊ ಬೂಟು ಬಿಚ್ಚಿ ಕೊಡವಿದ,
ಕಾಲುಚೀಲ ತಿರುವಿ ತೋರಿಸಿದ, ಯಾರೂ ಕೇಳದಿದ್ದರೂ.
ಅವನೇ ಎಂದು ಯಾರೂ ಅನ್ನಲಿಲ್ಲ.
ಎಲ್ಲರೂ ಅವನಿಂದ ಒಂದು ಮಾರು ದೂರದಲ್ಲಿ ಹುಡುಕಿದರು, ಅಷ್ಟೆ.

ಹನ್ನೊಂದು ಹತ್ತಕ್ಕೆ
ಕರವಸ್ತ್ರಕ್ಕೆಂದು ತೊಡೆಜೇಬಿಗೆ ಕೈಹಾಕಿದೆ.
ತಣ್ಣಗೆ. ದುಂಡಗೆ.
ಮಧ್ಯಾಹ್ನ ಅವನ ಕೈಯಿಂದ ನಾನೇ ಇಸಕೊಂಡದ್ದು,
ಅವನಿಗೂ ಮರೆತಿತ್ತು.

ಬಾಯಿ ತೆರೆದರೆ ಸಾಕಿತ್ತು.
ನಾನು ಟಾರ್ಚು ಹಿಡಿದು ರೆಕ್ಕೆಯಡಿ ಹುಡುಕಿದೆ
ಜೇಬಿನಲ್ಲಿದ್ದುದನ್ನು, ಬಲು ಶ್ರದ್ಧೆಯಿಂದ.
ಪಕ್ಕದಲ್ಲಿ ಎವರಾಲ್ದೊ ನೆಲ ತಡವುತ್ತ,
ಮನೆಗೆ ಕಳಿಸಿದರೆ ಅಪ್ಪನಿಗೆ ಏನು ಹೇಳಲಿ ಎಂದ.
ನನ್ನನ್ನಲ್ಲ, ಸಿಮೆಂಟನ್ನು ಕೇಳಿದ.
ಸಿಮೆಂಟಿನಂತೆಯೇ ಸುಮ್ಮನಿದ್ದೆ ನಾನೂ.

ಒಂದೂಕಾಲಿಗೆ ಎದ್ದು ನಡೆದೆ, ಅಂಗೈ ಚಾಚಿದೆ.
ಕನ್ನಡಿಯಲ್ಲಿ ಛಾವಣಿಯ ಒಂದೇ ಒಂದು ದೀಪ.
ಕ್ಲೆಯುಜಾ ಬೈಯಲಿಲ್ಲ. ಪುಸ್ತಕ ತೆರೆದರು.
"ಸಿಕ್ಕದ್ದು ಎಷ್ಟು ಗಂಟೆಗೆ?"
ಗಡಿಯಾರ ಎದುರಿಗೇ ಇತ್ತು.
ಹನ್ನೊಂದು ಹತ್ತು, ಎಂದೆ.
ಪೆನ್ನು ನಿಂತಿತು.
ಆಮೇಲೆ ಎರಡೂ ಸಮಯ ಬರೆದರು, ಒಂದರ ಪಕ್ಕ ಒಂದು,
ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟು.
ಕೆಳಗೆ ಜಾಂದಿರಾ ಎಂದು ಸಹಿ ಹಾಕಿದೆ.
ಎವರಾಲ್ದೊ ಬೂಟಿನ ಲೇಸು ಕಟ್ಟುತ್ತಿದ್ದ, ತುಂಬಾ ಹೊತ್ತು.

ಮರುದಿನ ಕಂತೆಯ ಆ ತುದಿಗೆ ಅವನು, ಈ ತುದಿಗೆ ನಾನು.
ನೂರ ನಲವತ್ತು, ಎಂದು ಕೂಗಿದೆ.
ಸದ್ದಿಲ್ಲ.
ಮುಳ್ಳನ್ನು ಸ್ವಲ್ಪ ಒತ್ತಿಹಿಡಿದೆ.
ನೂರ ನಲವತ್ತು, ಎಂದ ಆ ಕಡೆಯಿಂದ.
ಮೀಟರು ಕೂಗಿತು.
ಮುಂದಿನದು, ಎಂದ.